ಸೋಮವಾರ ಹೂಡದ ಲಾರಿ

ಗುರುಬಸಪ್ಪನವರು ಎತ್ತು ಮಾರಿದರು ಎಂದಾಗ ಬೆಂಗಳೂರಿನ ಹೊಸಹಳ್ಳಿಯಲ್ಲಿ ಒಬ್ಬರೂ ನಂಬಲಿಲ್ಲ. ರೈಲ್ವೆ ಗೂಡ್ಸ್ ಶೆಡ್ಡಿನಿಂದ ತರಗುಪೇಟೆಗೆ ಮೂಟೆ ಸಾಗಿಸಿಯೇ ಸೈಟು ಕೊಂಡು ಮನೆ ಕಟ್ಟಿದ ಮನುಷ್ಯ ಅವರು. ಹೆಂಡತಿಗೆ ಹಬ್ಬದ ಸೀರೆ ತರುವುದನ್ನು ಮರೆತಾರು, ಎತ್ತಿಗೆ ಹಿಂಡಿ ತರುವುದನ್ನು ಮರೆತವರಲ್ಲ. ಅಂಥವರು ಒಂದು ಬೆಳಿಗ್ಗೆ ಜೋಡಿ ಎತ್ತು, ಗಾಡಿ, ಕೊರಳ ಗೆಜ್ಜೆ ಎಲ್ಲವನ್ನೂ ನೆಲಮಂಗಲದ ಕಡೆಯವರೊಬ್ಬರಿಗೆ ಕೊಟ್ಟು, ಬಂದ ದುಡ್ಡನ್ನು ಹಾಗೆಯೇ ತಂದು ಮಗನ ಕೈಯಲ್ಲಿಟ್ಟರು.

ಮಗ ಪಂಚಾಕ್ಷರಿಗೆ ಸ್ವಂತ ಲಾರಿ ಬೇಕಾಗಿತ್ತು. ಅವನು ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು ಕ್ಲೀನರ್ ಆಗಿ ಸೇರಿ, ಡ್ರೈವರ್ ಆಗಿ, ಆರೇಳು ವರ್ಷ ಕಂಡವರ ಲಾರಿ ಓಡಿಸಿದ್ದ. ಟೈರು ಒಡೆದರೆ ಮಾಲೀಕನಿಂದ ಬೈಗುಳ, ಸರಕು ತಡವಾದರೆ ಸೇಟುವಿನಿಂದ ಬೈಗುಳ. ಇನ್ನು ಎಷ್ಟು ದಿನ ಇನ್ನೊಬ್ಬರ ಎಂಜಲು ಅನ್ನುವುದು ಅವನ ರಾಗ. ಆಗ ಬ್ಯಾಂಕುಗಳು ಸಣ್ಣಪುಟ್ಟವರಿಗೂ ಲಾರಿ ಸಾಲ ಕೊಡುತ್ತಿದ್ದವು. ಮುಂಗಡ ಮಾತ್ರ ನೀವು ಹಾಕಿ ಅನ್ನುತ್ತಿದ್ದವು. ಮುಂಗಡ ಅಂತ ಆ ಮನೆಯಲ್ಲಿ ಇದ್ದದ್ದು ಎತ್ತೊಂದೇ.

ಎಪ್ಪತ್ತೈದನೇ ಇಸವಿಯ ಯುಗಾದಿ ಕಳೆದ ವಾರ ಲಾರಿ ಮನೆ ಮುಂದೆ ಬಂತು. ಹೊಸದೇನಲ್ಲ, ಯಾರೋ ಓಡಿಸಿ ಸಾಕಾಗಿ ಕೊಟ್ಟದ್ದು. ಆದರೂ ಬಣ್ಣ ಬಳಿದು, ಮುಂದೆ 'ಶ್ರೀ ಬಸವೇಶ್ವರ ಪ್ರಸನ್ನ' ಎಂದು ಬರೆಸಿ, ಬಾಳೆಕಂದು ಕಟ್ಟಿದಾಗ ಬೀದಿಯೇ ಬಂದು ನೋಡಿತು. ವಿಜಯನಗರದ ಆ ಕಡೆ ಆಗಿನ್ನೂ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಲಾರಿ ನಿಲ್ಲಿಸಲು ಜಾಗಕ್ಕೆ ಬರವಿರಲಿಲ್ಲ. ಅಯ್ನೋರು ಬಂದು ಬಾನೆಟ್ಟಿನ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ನಿಂಬೆಹಣ್ಣನ್ನು ಚಕ್ರದಡಿ ಇಟ್ಟು, ಇನ್ನು ಹೊರಡಿಸಪ್ಪ ಅಂದರು. ಆಗ ಗುರುಬಸಪ್ಪನವರು ಮಗನ ಮುಂದೆ ಬಂದರು.

"ಒಂದು ಮಾತು ಕಣಪ್ಪ. ಸೋಮವಾರ ಇದನ್ನ ಹೂಡಬಾರದು."

ಎತ್ತು ಸಾಕಿದ ಲಿಂಗಾಯತರ ಮನೆಯಲ್ಲಿ ಇದು ಹೊಸ ಮಾತೇನಲ್ಲ. ಎತ್ತು ಬಸವಣ್ಣ, ಸೋಮವಾರ ಶಿವನ ವಾರ. ಆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಳೆ ಹದ ತಪ್ಪಿ ಹೋಗುತ್ತಿದ್ದರೂ ಇಡುವುದಿಲ್ಲ. ಗುರುಬಸಪ್ಪನವರು ತಿಪಟೂರಿನ ಕಡೆಯಿಂದ ಬೆಂಗಳೂರಿಗೆ ಬಂದು ಇಷ್ಟು ವರ್ಷ ಗಾಡಿ ಹೊಡೆದರೂ ಒಂದು ಸೋಮವಾರ ಹೂಡಿದವರಲ್ಲ. ಆದರೆ ಡೀಸೆಲ್ ಕುಡಿಯುವ ಲಾರಿಗೆ ನೊಗ ಎಲ್ಲಿಂದ ಬಂತು? ಯಾರಾದರೂ ಆಗಲೇ ಕೇಳಬೇಕಿತ್ತು. ಪಂಚಾಕ್ಷರಿ ಕೇಳಲಿಲ್ಲ. ಹೊಸ ಲಾರಿಯ ಸಂಭ್ರಮ, ಕೊಟ್ಟಿಗೆ ಖಾಲಿಯಾದ ಸಂಕಟ, ಎರಡೂ ಸೇರಿ ಅವನು ಬಗ್ಗಿ ಅಪ್ಪನ ಪಾದ ಮುಟ್ಟಿ ಆಯ್ತು ಅಂದುಬಿಟ್ಟ. ಮುದುಕರು ನಾಲ್ಕು ವಾರ ಕಳೆದರೆ ಮರೀತಾರೆ ಅನ್ನುವುದು ಅವನ ಲೆಕ್ಕ. ಮೂವತ್ತು ವರ್ಷ ಜೊತೆಗಿದ್ದೂ ಅಪ್ಪನನ್ನು ಅವನು ಅಷ್ಟೇ ತಿಳಿದುಕೊಂಡಿದ್ದ.

ಮೊದಲ ಸೋಮವಾರ ಬೆಳಗಾಗುವಷ್ಟರಲ್ಲಿ ಗುರುಬಸಪ್ಪನವರು ಲಾರಿಯ ನಾಲ್ಕೂ ಕಡೆ ಚಕ್ರಕ್ಕೆ ಕಲ್ಲು ಕೊಟ್ಟು, ಬಾವಿಯಿಂದ ನೀರು ಸೇದಿ ಸೇದಿ ಅದನ್ನು ತೊಳೆಯುತ್ತಿದ್ದರು. ಎತ್ತಿನ ಮೈ ತೊಳೆಯುವ ಹಾಗೆಯೇ, ಬೆನ್ನು, ಹೊಟ್ಟೆ, ಕಾಲು ಅಂತ ಕ್ರಮವಾಗಿ. ಆಮೇಲೆ ವಿಭೂತಿ, ಹೂವು. ಎದುರುಮನೆಯ ಪುಟ್ಟಲಕ್ಷ್ಮಿ ನೀರಿನ ಕೊಡ ಸೊಂಟದಲ್ಲಿಟ್ಟುಕೊಂಡೇ ನಿಂತು ನೋಡಿದಳು.

"ಏನ್ ಬಸವ್ವನೋರೆ, ಲಾರಿಗೂ ಇವತ್ತು ಒಪ್ಪತ್ತಾ?"

ಪಂಚಾಕ್ಷರಿಯ ತಾಯಿ ಬಸವ್ವ ಹೊರಗೆ ನಕ್ಕು, ಒಳಗೆ ಬಂದು ಪಾತ್ರೆ ಕುಕ್ಕಿದರು. ಮನೆಯ ಮರ್ಯಾದೆಯನ್ನು ಬೀದಿಗೆ ತಂದು ತೊಳೆಯುತ್ತಿದ್ದಾರೆ ನಿಮ್ಮ ಮಾವ ಎಂದು ಸೊಸೆಗೆ ಹೇಳಿದರು. ಸೊಸೆ ರಾಜೇಶ್ವರಿ ಹೂಂ ಅಂದಳು, ಅಷ್ಟೇ. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು, ಅದನ್ನು ಅತ್ತೆಯ ಮುಂದೆ ಆಡುವ ಹಾಗಿರಲಿಲ್ಲ. ಮದುವೆಯಾದಾಗಿನಿಂದ ಗಂಡ ಹಗಲು ಹೊತ್ತಿನಲ್ಲಿ ಮನೆಯಲ್ಲಿ ಕೂತು ಬಿಸಿ ಮುದ್ದೆ ಉಂಡದ್ದನ್ನು ಅವಳು ಕಂಡದ್ದೇ ಕಡಿಮೆ. ಆ ಸೋಮವಾರ ಅವನು ತಲೆಗೆ ಹರಳೆಣ್ಣೆ ಹಚ್ಚಿಸಿಕೊಂಡು ನೀರು ಹುಯ್ದುಕೊಂಡ. ಅವರೆಕಾಳಿನ ಸಾರನ್ನು ಎರಡು ಸಲ ಹಾಕಿಸಿಕೊಂಡ. ಎರಡು ವರ್ಷದ ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಸಂಜೆಯ ತನಕ ಗೊರಕೆ ಹೊಡೆದ. ಏಳುತ್ತಲೇ ಮಾತ್ರ ಗೊಣಗಿದ.

ಗೊಣಗದೆ ಏನು ಮಾಡಿಯಾನು? ಸ್ವಂತ ಲಾರಿಯಾದರೆ ಯಾರಿಗೂ ಕೈಮುಗಿಯಬೇಕಿಲ್ಲ ಅಂದುಕೊಂಡಿದ್ದವನು ಈಗ ಕಲಾಸಿಪಾಳ್ಯದ ಬ್ರೋಕರ್ ಆಫೀಸಿನ ಬೆಂಚಿನ ಮೇಲೆ ದಿನಗಟ್ಟಲೆ ಕೂರಬೇಕಾಗಿತ್ತು. ಒಳ್ಳೆಯ ಲೋಡು ಹತ್ತು ಲಾರಿ ಇಟ್ಟವರಿಗೆ. ಹೊಸಬನಿಗೆ ಸಿಗುವುದು ಹಳಬರು ಒಲ್ಲೆ ಎಂದದ್ದು: ಖಾಲಿ ಸೀಸೆ, ಒಣಹುಲ್ಲು, ಮೂಟೆ ಹರಿದ ಸಿಮೆಂಟು. ಹೋಗುವಾಗ ಇಂಥ ಲೋಡು, ಬರುವಾಗ ಅದೂ ಇಲ್ಲ. ಖಾಲಿ ಲಾರಿ ಓಡಿಸಿಕೊಂಡು ಬರುವುದೆಂದರೆ ದಾರಿಯುದ್ದಕ್ಕೂ ಡೀಸೆಲ್ ಚೆಲ್ಲಿಕೊಂಡು ಬಂದ ಹಾಗೆ. ನಡುವೆ ಒಂದು ಟೈರು ಹೋಯಿತು. ಆ ವರ್ಷ ಟೈರು ಸಿಗುವುದೆಂದರೆ ಹೆಣ್ಣು ಸಿಕ್ಕ ಹಾಗೆ, ಶಿಫಾರಸು ಬೇಕು, ಮೇಲೆ ಕೈ ಬಿಸಿ ಮಾಡಬೇಕು. ಬ್ಯಾಂಕಿನ ಕಂತು ಮೊದಲನೇ ತಿಂಗಳು ಕಟ್ಟಿದ್ದು, ಎರಡನೆಯದು ಅರ್ಧಕ್ಕೆ ನಿಂತಿತು.

ಅಂಥ ಹೊತ್ತಿನಲ್ಲಿ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಿಂದ ಒಂದು ಬಾಗಿಲು ತೆರೆಯಿತು. ನೀರಿನ ಪಂಪು ಮಾಡುವ ಒಂದು ಕಾರ್ಖಾನೆ. ಸರಕು ಕಳಿಸುವ ಉಸ್ತುವಾರಿ ಚಕ್ರಪಾಣಿ ಎಂಬವರದು. ಹಣೆಗೆ ಸಣ್ಣ ನಾಮ, ಮೃದು ಮಾತು. ಪಂಚಾಕ್ಷರಿ ಒಂದು ಸಲ ಏನೂ ಒಡೆಯದೆ ಮುರಿಯದೆ ಸರಕು ತಲುಪಿಸಿದ್ದನ್ನು ನೋಡಿ ಮೆಚ್ಚಿಕೊಂಡು, ವಾರವಾರ ಹುಬ್ಬಳ್ಳಿಗೆ ಲೋಡು ಕೊಡುತ್ತೇನೆ, ಬರುವಾಗ ಅಲ್ಲಿಂದ ಹತ್ತಿಯ ಬಾಡಿಗೆಯನ್ನೂ ಗೊತ್ತುಮಾಡಿಕೊಡುತ್ತೇನೆ ಅಂದರು. ಹೋಗುತ್ತ ತುಂಬಿ, ಬರುತ್ತ ತುಂಬಿ. ಲಾರಿಯವನಿಗೆ ಇದಕ್ಕಿಂತ ಸ್ವರ್ಗ ಬೇರೆ ಇಲ್ಲ. ಒಂದೇ ಕರಾರು. ಶನಿವಾರ ಪ್ಯಾಕಿಂಗ್ ಮುಗಿಯುತ್ತದೆ, ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಗೇಟು ತೆಗೆಯುವಾಗ ಲಾರಿ ನಿಂತಿರಬೇಕು.

ಪಂಚಾಕ್ಷರಿ ಅಲ್ಲೇ ಹೂಂ ಅನ್ನಲು ಹೋಗಿ ನಾಲಿಗೆ ಕಚ್ಚಿಕೊಂಡ. ನಮ್ಮ ತಂದೆ ಸೋಮವಾರ ಗಾಡಿ ಹೊರಡಿಸಲು ಬಿಡುವುದಿಲ್ಲ ಸಾರ್ ಎಂದ. ಚಕ್ರಪಾಣಿ ನಗಲಿಲ್ಲ. ಅದು ನಿಮ್ಮ ಮನೆಯ ಸಂಪ್ರದಾಯ, ನಾನು ಬೇಡ ಅನ್ನಲಾರೆ, ಆದರೆ ನನ್ನ ಸರಕು ನಿಲ್ಲುವ ಹಾಗಿಲ್ಲ ಅಂದರು. ಯೋಚನೆ ಮಾಡಿ ಹೇಳಿ ಎಂದು ಒಂದಿಷ್ಟು ದಿನ ಬಿಟ್ಟುಕೊಟ್ಟರು.

ಆವತ್ತಿನಿಂದ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಪಂಚಾಕ್ಷರಿ ಮೊದಲು ಅವ್ವನ ಕೈಲಿ ಹೇಳಿಸಿದ. ಬಸವ್ವ ಉಪಾಯಗಾತಿ, ಭಾನುವಾರ ಸಂಜೆಯೇ ಹೊರಟರೆ ಆಯಿತಲ್ಲ, ಹೊರಟದ್ದು ಭಾನುವಾರ ತಾನೇ ಅಂದರು. ಗುರುಬಸಪ್ಪನವರು ಮುದ್ದೆ ಮುರಿಯುತ್ತ, ದಾರಿಯಲ್ಲಿ ಸೋಮವಾರ ಬಂದರೆ ನಾನು ಅಲ್ಲೇ ಎತ್ತು ಬಿಚ್ಚಿ ಮರದಡಿ ಕೂತುಬಿಡುತ್ತಿದ್ದೆ ಎಂದರು. ಅಯ್ನೋರನ್ನು ಕೇಳಿಸಿದರು. ಅಯ್ನೋರು ಲಾರಿಗೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ, ಆದರೆ ಕೊಟ್ಟ ಮಾತಿಗೆ ಹೇಳಿದೆ ಎಂದು ಎರಡು ಕಡೆಯೂ ಕಾಲಿಟ್ಟು ತಾಂಬೂಲ ತೆಗೆದುಕೊಂಡು ಹೋದರು. ಅತ್ತ ದರಿ, ಇತ್ತ ಪುಲಿ. ಪಂಚಾಕ್ಷರಿ ಬೆಳಿಗ್ಗೆ ಎದ್ದು ಬ್ರೋಕರ್ ಬೆಂಚಿಗೆ ಹೋಗುವುದನ್ನು ಬಿಡಲಿಲ್ಲ, ಆದರೆ ಅದಕ್ಕೂ ಮೊದಲು ಇನ್ನೆಲ್ಲಿಗೆ ಹೋಗುತ್ತಾನೆಂದು ಮನೆಯವರಿಗೆ ಹೇಳಲಿಲ್ಲ.

ಕಂತು ಎರಡು ಬಾಕಿಯಾಗಿ ಮೂರನೆಯದೂ ಬಂದು ನಿಂತಾಗ ಬ್ಯಾಂಕಿನ ವೆಂಕಟಗಿರಿ ಮನೆಗೇ ಬಂದರು. ಒಳ್ಳೆಯ ಮನುಷ್ಯ, ಜಗಲಿಯ ಮೇಲೆ ಕೂತು ರಾಜೇಶ್ವರಿ ಕೊಟ್ಟ ಕಾಫಿ ಕುಡಿದು, ಮಗುವಿನ ಕೆನ್ನೆ ಹಿಂಡಿದರು. ಹೋಗುವಾಗ ಲಾರಿಯನ್ನು ಒಂದು ಸುತ್ತು ನೋಡಿ ಬಂದು, ಇನ್ನೊಂದು ಸಲ ತಪ್ಪಿದರೆ ಇದನ್ನು ನಾವು ತೆಗೆದುಕೊಂಡು ಹೋಗಬೇಕಾಗುತ್ತದೆ, ಆಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅವರು ಗದರಿದ್ದರೆ ಬಸವ್ವ ಎರಡು ಮಾತು ತಿರುಗಿಸಿ ಹಗುರಾಗುತ್ತಿದ್ದರು. ಮೆತ್ತಗೆ ಹೇಳಿದ್ದರಿಂದ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಆ ಮಧ್ಯಾಹ್ನ ಅಪ್ಪ ಮಗ ಎದುರುಬದುರು ನಿಂತರು. ಅಲ್ಲಿಯವರೆಗೆ ಇಬ್ಬರೂ ಗೋಡೆಗೆ ಹೇಳಿ ಇನ್ನೊಬ್ಬರಿಗೆ ಕೇಳಿಸುತ್ತಿದ್ದರು.

"ಇದು ಎತ್ತಲ್ಲ ಅಪ್ಪ, ಕಬ್ಬಿಣ. ಇದಕ್ಕೆ ಸುಸ್ತಾಗಲ್ಲ, ಹಸಿವಾಗಲ್ಲ. ಇದಕ್ಕೆ ಯಾವ ಸೋಮವಾರ?"

"ಮಾತು ಕೊಟ್ಟಿದ್ದು ಕಬ್ಬಿಣ ಅಲ್ಲ, ನೀನು."

"ಕೊಟ್ಟೆ. ಎತ್ತು ಹೊಡ್ಕೊಂಡು ಹೋದಾಗ ನೀವು ಕೊಟ್ಟಿಗೇಲಿ ಹೋಗಿ ಕೂತಿದ್ರಿ. ಆವತ್ತು ನೀವು ಬಾವಿಗೆ ಬೀಳು ಅಂದಿದ್ರೂ ಹೂಂ ಅಂತಿದ್ದೆ."

ಗುರುಬಸಪ್ಪನವರು ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡರು. "ಇಷ್ಟು ವರ್ಷ ನಾನು ಸೋಮವಾರ ಹೂಡ್ಲಿಲ್ಲ. ನೀನೇನು ಉಪವಾಸ ಬಿದ್ದಿದ್ಯೇನೋ?"

"ನಿಮ್ಮ ಎತ್ತಿನ ಮೇಲೆ ಬ್ಯಾಂಕಿತ್ತಾ?"

ಮುದುಕರು ದನಿ ಏರಿಸಿದರು. ಮಗನೂ ಏರಿಸಿದ. ಲಾರಿ ಬ್ಯಾಂಕಿನವರು ಎಳಕೊಂಡು ಹೋದ ಮೇಲೆ ವಾರದ ಏಳು ದಿನವೂ ಸೋಮವಾರವೇ, ಆಗ ನೀವು ಖುಷಿಯಾಗಿ ಪೂಜೆ ಮಾಡಿಕೊಂಡು ಕೂತಿರಿ ಅಂದುಬಿಟ್ಟ. ಎತ್ತು ಏರಿಗೆ ಎಳೆಯಿತು ಕೋಣ ನೀರಿಗೆ ಎಳೆಯಿತು ಅನ್ನೋ ಹಾಗಾಯ್ತು ನನ್ನ ಸಂಸಾರ ಎಂದು ಬಸವ್ವ ಒಲೆಗೆ ನೀರು ಚಿಮುಕಿಸಿ ಹಿತ್ತಿಲಿಗೆ ಹೋಗಿ ಕೂತರು. ಆ ದಿನ ಮಗುವಿಗೆ ಗಂಜಿ ಬಿಟ್ಟರೆ ಮನೆಯಲ್ಲಿ ಏನೂ ಬೇಯಲಿಲ್ಲ. ರಾಜೇಶ್ವರಿ ಬೆಳಗಿನ ತಂಗಳು ರೊಟ್ಟಿಯನ್ನು ಮಾವನ ಮುಂದಿಟ್ಟಳು. ಅವರು ಮುಟ್ಟಲಿಲ್ಲ.

ಮಾರನೆಯ ಬೆಳಿಗ್ಗೆ ಗುರುಬಸಪ್ಪನವರು ಒಗೆದ ಪಂಚೆ ಉಟ್ಟು, ಕರಿ ಕೋಟು ಹಾಕಿಕೊಂಡು ಹೊರಟರು. ಕೋಟು ಹಾಕಿದ್ದು ಮಗನ ಮದುವೆಯಲ್ಲಿ, ಆಮೇಲೆ ಇವತ್ತೇ. ಎಲ್ಲಿಗೆ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರು ಮಾಗಡಿ ರಸ್ತೆ ದಾಟಿ, ಕೇಳಿಕೊಂಡು ಕೇಳಿಕೊಂಡು, ರಾಜಾಜಿನಗರದ ಆ ಕಾರ್ಖಾನೆಯ ಬಾಗಿಲಿಗೆ ನಡೆದೇ ಹೋದರು.

ಚಕ್ರಪಾಣಿ ಅವರನ್ನು ಒಳಗೆ ಕರೆದು ಕುರ್ಚಿ ಕೊಟ್ಟರು. ಗುರುಬಸಪ್ಪನವರಿಗೆ ಹೆಚ್ಚು ಮಾತು ಬಾರದು. ಲೋಡನ್ನು ಒಂದೇ ಒಂದು ದಿನ ಮುಂದಕ್ಕೆ ಹಾಕಿ, ಮಂಗಳವಾರ ಕೋಳಿ ಕೂಗುವ ಮುಂಚೆ ನನ್ನ ಮಗ ಇಲ್ಲಿರುತ್ತಾನೆ, ಬೇಕಾದರೆ ನಾನೇ ಜೊತೆಗೆ ಬಂದು ಮೂಟೆ ಎತ್ತಿಸುತ್ತೇನೆ ಎಂದು ಕೇಳಿಕೊಂಡರು. ಚಕ್ರಪಾಣಿಗೆ ನಿಜವಾಗಿಯೂ ಕಷ್ಟವಾಯಿತು. ಸೋಮವಾರ ಹೊರಟರೆ ಹುಬ್ಬಳ್ಳಿಯಲ್ಲಿ ಬುಧವಾರದ ಸಂತೆಗೆ ಸರಕು ಸಿಗುತ್ತದೆ, ಇದು ನನ್ನ ಕೈಯಲ್ಲಿಲ್ಲ, ಮೇಲಿನವರದು ಎಂದು ವಿವರಿಸಿದರು. ಆಮೇಲೆ, ಒಳ್ಳೆಯ ಮನಸ್ಸಿನಿಂದಲೇ, ಇನ್ನೊಂದು ಮಾತು ಸೇರಿಸಿದರು.

"ಯಜಮಾನ್ರೇ, ನಿಮ್ಮ ಮಗನಿಗಾದ್ರೂ ಹೇಳಿ. ದಿನಾ ಬೆಳಿಗ್ಗೆ ಬಂದು ಗೇಟ್ ಹೊರಗಡೆ ನಿಂತ್ಕೊಂಡಿರ್ತಾರೆ. ಬಿಸಿಲಲ್ಲಿ. ಬೇರೆ ಯಾವ್ದಾದ್ರೂ ಲೋಡು ತಪ್ಪಿದ್ರೆ ನನಗೆ ಕೊಡಿ ಸಾರ್ ಅಂತಾರೆ. ನೋಡಕ್ಕಾಗಲ್ಲ."

ಗುರುಬಸಪ್ಪನವರು ಎದ್ದು ಕೈಮುಗಿದು ಬಂದರು. ಮನೆಗೆ ಬಂದು ಕೋಟು ತೆಗೆದು ಗೂಟಕ್ಕೆ ಹಾಕಿ, ಖಾಲಿ ಕೊಟ್ಟಿಗೆಯಲ್ಲಿ ಚಾಪೆ ಹಾಸಿಕೊಂಡು ಮಲಗಿಬಿಟ್ಟರು. ತಮ್ಮ ಮಗ ಇನ್ನೊಬ್ಬರ ಗೇಟಿನ ಮುಂದೆ ಭಿಕ್ಷಕ್ಕೆ ನಿಂತ ಹಾಗೆ ನಿಲ್ಲುತ್ತಾನೆ ಅನ್ನುವುದು ಅವರಿಗೆ ತಡೆಯಲಾಗಲಿಲ್ಲ. ಏನಾಯಿತೆಂದು ಹೆಂಡತಿಗೆ ಹೇಳಿದ್ದು ಸಂಜೆ, ಅದೂ ನಾಲ್ಕೇ ಮಾತಿನಲ್ಲಿ.

ಮುಂದಿನ ಸೋಮವಾರ ಬೆಳಕು ಹರಿಯುವ ಹೊತ್ತಿಗೆ ರಾಜೇಶ್ವರಿ ರಂಗೋಲಿ ಹಾಕಲು ಹೊರಗೆ ಬಂದರೆ, ಮಾವ ಲಾರಿಯ ಚಕ್ರದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಬೇಲಿಯ ಆಚೆ ಹಾಕುತ್ತಿದ್ದರು. ಲಾರಿ ತೊಳೆದಿರಲಿಲ್ಲ, ವಿಭೂತಿ ಹಚ್ಚಿರಲಿಲ್ಲ. ಮಗ ಎದ್ದು ಬಂದಾಗ, ಹೋಗಪ್ಪ, ತಡ ಆದೀತು ಎಂದರು. ಪಂಚಾಕ್ಷರಿ ಕಾಲಿಗೆ ಬೀಳಲು ಬಗ್ಗಿದ. ಮುದುಕರು ಅಷ್ಟರಲ್ಲಿ ಒಳಗೆ ನಡೆದಿದ್ದರು.

ಕಷ್ಟ ಕಳೆಯಿತು ಅಂತಲೇ ಎಲ್ಲರೂ ಅಂದುಕೊಂಡರು. ಮೊದಮೊದಲು ಹಾಗೆಯೇ ಇತ್ತು. ಕಂತು ಹೊತ್ತಿಗೆ ಸರಿಯಾಗಿ ಹೋಯಿತು, ಬಾಕಿಯೂ ತೀರುತ್ತ ಬಂತು. ವೆಂಕಟಗಿರಿ ದಾರಿಯಲ್ಲಿ ಸಿಕ್ಕರೆ ಅವರೇ ಮೊದಲು ಕೈಮುಗಿಯುತ್ತಿದ್ದರು. ಬಸವ್ವ ಅಂಗಡಿಯಿಂದ ಒಳ್ಳೆಯ ಅಕ್ಕಿ ತರಿಸಿದರು, ಪುಟ್ಟಲಕ್ಷ್ಮಿಗೆ ಕಾಣುವ ಹಾಗೆ ಮೊರದಲ್ಲಿ ಕೇರಿದರು. ಪಂಚಾಕ್ಷರಿ ಮರಿಯಪ್ಪ ಎಂಬವನನ್ನು ಕ್ಲೀನರ್ ಆಗಿ ಇಟ್ಟುಕೊಂಡ. ನಲವತ್ತು ದಾಟಿದ, ಬೀಡಿ ಬಿಟ್ಟರೆ ಬೇರೆ ಚಟವಿಲ್ಲದ ನಂಬಿಕೆಯ ಆಳು.

ಆದರೆ ಸೋಮವಾರ ಬಿಟ್ಟುಕೊಟ್ಟವನಿಗೆ ಗುರುವಾರ ಉಳಿಸಿಕೊಳ್ಳುವುದು ಹೇಗೆ? ಹುಬ್ಬಳ್ಳಿಯಿಂದ ಬುಧವಾರ ಬಂದರೆ, ಗುರುವಾರ ಶಿವಮೊಗ್ಗಕ್ಕೆ ಒಂದು ಲೋಡು ಇದೆ, ನೀವಾದರೆ ನಂಬಿಕೆ ಅಂದರು ಚಕ್ರಪಾಣಿ. ಶನಿವಾರ ಬಂದರೆ ಭಾನುವಾರ ಗ್ರೀಸು, ಸ್ಪ್ರಿಂಗಿನ ಪಟ್ಟಾ, ಪಂಕ್ಚರು. ಮೊದಲು ಬೇಡ ಅನ್ನಬೇಕಾದರೆ ನಮ್ಮ ತಂದೆ ಬಿಡುವುದಿಲ್ಲ ಸಾರ್ ಅನ್ನುವ ಒಂದು ಮಾತಾದರೂ ಇತ್ತು. ಆ ಮಾತಿಗೆ ಯಾರೂ ಎದುರು ಹೇಳುತ್ತಿರಲಿಲ್ಲ. ಈಗ ನನಗೆ ಸುಸ್ತು ಅಂದರೆ ಯಾರು ಕೇಳುತ್ತಾರೆ? ಮೇಲಾಗಿ ಕಾರ್ಖಾನೆಯವರು ಬಾಡಿಗೆ ಕೊಡುವುದು ಎರಡು ತಿಂಗಳ ನಂತರ. ಅಲ್ಲಿಯ ತನಕ ಕೈಗೆ ಬರುವ ಹತ್ತಿಯ ಬಾಡಿಗೆ ಕಂತಿಗೆ, ಬಂಕಿನಲ್ಲಿ ಸಾಲಕ್ಕೆ ಡೀಸೆಲ್. ಒಂದು ವಾರ ನಿಂತರೆ ಆ ಸರಪಣಿ ಎಲ್ಲೋ ಒಂದು ಕಡೆ ಕಳಚಿ ಮೈಮೇಲೆ ಬೀಳುತ್ತಿತ್ತು. ಬೇರೆ ಡ್ರೈವರ್ ಇಡಿ ಎಂದು ರಾಜೇಶ್ವರಿ ಹೇಳಿ ನೋಡಿದಳು. ಡ್ರೈವರಿಗೆ ಸಂಬಳ ಕೊಟ್ಟರೆ ಕಂತಿಗೆ ಏನು ಉಳಿಯುತ್ತದೆ ನೀನೇ ಹೇಳು ಎಂದ. ಅವಳು ಲೆಕ್ಕ ಹಾಕಿದಳು, ಉಳಿಯುತ್ತಿರಲಿಲ್ಲ.

ಮಗಳು ಈಗ ಅಪ್ಪನನ್ನು ಕಂಡರೆ ಅಜ್ಜಿಯ ಸೆರಗಿನ ಹಿಂದೆ ಸೇರುತ್ತಿದ್ದಳು. ಕೆಂಪು ಕಣ್ಣು, ಬೆಳೆದ ಗಡ್ಡ, ಮೈಯೆಲ್ಲ ಡೀಸೆಲ್ ವಾಸನೆ. ಮಗುವಿಗೇನು ಗೊತ್ತು, ಯಾರೋ ಬಂದು ನಮ್ಮ ತಟ್ಟೆಯಲ್ಲಿ ಉಂಡು ಹೋಗುತ್ತಾರೆ ಅಂತಲೇ ಅದು ತಿಳಿದಿರಬೇಕು. ಪಂಚಾಕ್ಷರಿ ಕೂತಲ್ಲೇ ತೂಕಡಿಸುತ್ತಿದ್ದ, ಅನ್ನ ಕಲೆಸಿದ ಕೈ ತಟ್ಟೆಯಲ್ಲೇ ಒಣಗುತ್ತಿತ್ತು. ಬಸವ್ವ ಎಬ್ಬಿಸಿ ಬಾಯಿಗೆ ತುತ್ತಿಟ್ಟರೆ ಕಣ್ಣು ಮುಚ್ಚಿಕೊಂಡೇ ಅಗಿಯುತ್ತಿದ್ದ. ಗುರುಬಸಪ್ಪನವರಿಗೆ ಸೋಮವಾರಕ್ಕೆ ಇದ್ದ ಒಂದು ಕೆಲಸವೂ ಹೋಗಿತ್ತು. ಬೆಳಿಗ್ಗೆ ಬಸವಣ್ಣನ ಗುಡಿಗೆ ಹೋಗಿ, ಬಂದು ಜಗಲಿಯಲ್ಲಿ ಕೂತರೆ ಕೂತೇ ಬಿಟ್ಟರು. ಅಪ್ಪ ಮಗ ಜಗಳ ಆಡುತ್ತಿರಲಿಲ್ಲ. ಜಗಳ ಆಡಲು ಏನೂ ಉಳಿದಿರಲಿಲ್ಲ.

ಮರುವರ್ಷದ ಶ್ರಾವಣದಲ್ಲಿ ಮರಿಯಪ್ಪ ಒಂದು ದಿನ ನೀರು ಕೇಳುವ ನೆಪದಲ್ಲಿ ಹಿತ್ತಿಲ ಬಾಗಿಲಿಗೆ ಬಂದ. ಪಂಚಾಕ್ಷರಿ ಮುಂದಿನ ಕೋಣೆಯಲ್ಲಿ ಸತ್ತವನ ಹಾಗೆ ನಿದ್ದೆ ಹೋಗಿದ್ದ.

"ಅಕ್ಕ, ಅಣ್ಣನಿಗೆ ಹೇಳ್ದೆ ಅಂತ ಹೇಳ್ಬೇಡಿ. ಶಿರಾ ಹತ್ರ ಗಾಡಿ ರಸ್ತೆ ಬಿಟ್ಟು ಇಳೀತು. ಹುಣಸೇಮರ ಇಷ್ಟರಲ್ಲಿ ತಪ್ತು. ನಾನು ಕೂಗ್ದೆ, ಅವಾಗ ಎಚ್ಚರ ಆಯ್ತು ಅವ್ರಿಗೆ. ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾ ಇದ್ರು."

ರಾಜೇಶ್ವರಿ ನೀರಿನ ಚೊಂಬನ್ನು ಹೊಸಿಲ ಮೇಲೆ ಇಟ್ಟುಬಿಟ್ಟಳು. ವಾರದಲ್ಲಿ ಒಂದು ದಿನ ನಿಲ್ಲಲು ಹೇಳಿ ಅಕ್ಕ, ಇಲ್ಲದಿದ್ದರೆ ಇನ್ನೊಂದು ಸಲ ನಾನು ಕೂಗುವಷ್ಟು ಹೊತ್ತೂ ಇರುವುದಿಲ್ಲ ಎಂದು ಹೇಳಿ ಮರಿಯಪ್ಪ ನೀರು ಕುಡಿಯದೆ ಹೋದ. ಅವಳು ಅತ್ತೆಗೆ ಹೇಳಿದಳು. ಅತ್ತೆ ಮಾವನಿಗೆ ಹೇಳಿದರು. ಗಂಡ ಎದ್ದ ಮೇಲೆ ಅವಳು ಅತ್ತು, ಬೈದು, ಮಗುವಿನ ಮೇಲೆ ಆಣೆ ಇಡಲು ಹೋದಳು. ಅವನು ಅವಳ ಕೈ ಹಿಡಿದುಕೊಂಡ.

"ಆಣೆ ಬೇಡ ಕಣೇ ರಾಜಿ. ಒಂದು ಆಣೆ ಮುರಿದಿದ್ದೇ ಸಾಕು. ನಾನು ನಿಂತ್ರೆ ಅವ್ರು ಇನ್ನೊಬ್ಬನ್ನ ನೋಡ್ಕೋತಾರೆ. ಆಮೇಲೆ ಮತ್ತೆ ಅದೇ ಗೇಟು."

ಗೌರಿಹಬ್ಬದ ಹಿಂದಿನ ವಾರ ಬುಧವಾರ ಅವನು ಹುಬ್ಬಳ್ಳಿಯಿಂದ ಬಂದಾಗ ಮೈ ಕೆಂಡವಾಗಿತ್ತು. ಗುರುವಾರ ಶಿವಮೊಗ್ಗದ ಲೋಡು ಆ ವಾರ ಇಲ್ಲ ಎಂದು ಚಕ್ರಪಾಣಿ ಮೊದಲೇ ಹೇಳಿದ್ದರು. ಅಂತೂ ದೇವರು ಎರಡು ದಿನ ಕೊಟ್ಟ ಎಂದು ಬಸವ್ವ ಮೆಣಸಿನ ಕಷಾಯ ಕಾಯಿಸಿದರು. ಕಂಬಳಿ ಹೊದೆಸಿ ಮಲಗಿಸಿದರು. ಗುರುವಾರ ಬೆಳಿಗ್ಗೆ ಬೆವರು ಬಿಟ್ಟು ಸ್ವಲ್ಪ ತಣ್ಣಗಾಗಿ, ಎದ್ದು ಗೋಡೆಗೊರಗಿ ಕೂತು ಗಂಜಿ ಕುಡಿಯುತ್ತಿದ್ದ. ಮಗು ದೂರದಿಂದ ನೋಡಿ ನೋಡಿ, ಹೆಜ್ಜೆ ಹೆಜ್ಜೆ ಹತ್ತಿರ ಬಂದು, ಅವನ ಮೊಣಕಾಲಿನ ಮೇಲೆ ಕೈ ಇಟ್ಟಿತು. ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಬೆಲ್ಲು ಆಯಿತು.

ಬಂದವನು ಕಾರ್ಖಾನೆಯ ಜವಾನ ನಾಗರಾಜು. ಹುಬ್ಬಳ್ಳಿಗೆ ತುರ್ತಾಗಿ ಇನ್ನೊಂದು ಲೋಡು ಹೋಗಬೇಕಂತೆ, ಈಗಲೇ ಗಾಡಿ ತರಬೇಕಂತೆ. ಪಂಚಾಕ್ಷರಿ ಬಾಯಿ ತೆರೆಯುವ ಮೊದಲೇ ರಾಜೇಶ್ವರಿ ಹೊಸಿಲಿಗೆ ಬಂದು, ಇವರಿಗೆ ಜ್ವರ, ಬರಲಾಗುವುದಿಲ್ಲ ಎಂದು ನಿಮ್ಮ ಸಾಹೇಬರಿಗೆ ಹೇಳಿ ಅಂದಳು.

ನಾಗರಾಜು ತಲೆ ಕೆರೆದುಕೊಂಡ. "ಹೇಳ್ತೀನಕ್ಕ, ನಂಗೇನು. ಆದ್ರೆ ಒಂದು ಮಾತು. ಇವತ್ತು ಬೆಳಿಗ್ಗೆಯಿಂದ ಗೇಟ್ ಹತ್ರ ಇನ್ಯಾರೋ ಒಬ್ರು ಲಾರಿ ನಿಲ್ಲಿಸ್ಕೊಂಡು ನಿಂತವ್ರೆ. ಸೋಮವಾರದ್ದೂ ನನಗೇ ಕೊಡಿ ಅಂತ ಸಾರ್‌ನ ಕೇಳ್ತಾವ್ರೆ."

ಪಂಚಾಕ್ಷರಿ ಗಂಜಿಯ ಲೋಟ ಕೆಳಗಿಟ್ಟ. ಜಗಲಿಯಲ್ಲಿ ಕೂತಿದ್ದ ಅಪ್ಪನ ಕಡೆ ತಿರುಗಿದ. ಕಲ್ಲು ತೆಗೆದ ದಿನದಿಂದ ಅವನು ಅಪ್ಪನನ್ನು ಒಂದು ವಿಷಯ ಕೇಳಿದವನಲ್ಲ, ಲಾರಿಯ ಬಗ್ಗೆಯಂತೂ ಇಲ್ಲವೇ ಇಲ್ಲ. ಈಗ ಹೊರಗಿನ ಮನುಷ್ಯನ ಮುಂದೆ, ಗಟ್ಟಿಯಾಗಿ ಕೇಳಿದ.

"ಅಪ್ಪ, ನೀವೇನಂತೀರಿ?"

ಅವನಿಗೆ ಏನು ಬೇಕಾಗಿತ್ತೆಂದು ಮನೆಯವರಿಗೆಲ್ಲ ತಿಳಿಯಿತು. ಬೇಡ ಅನ್ನಿಸಿಕೊಳ್ಳಬೇಕಾಗಿತ್ತು. ಅಪ್ಪ ಒಂದು ಸಲ ಗದರಿ ಬೇಡ ಅಂದರೆ, ನಮ್ಮ ತಂದೆ ಬಿಡುವುದಿಲ್ಲ ಅಂತ ಹೇಳಿಬಿಡಪ್ಪ ಎಂದು ನಾಗರಾಜುವನ್ನು ಕಳಿಸಿ ಮತ್ತೆ ಕಂಬಳಿಯೊಳಗೆ ಸೇರುತ್ತಿದ್ದ. ಬಸವ್ವ ಗಂಡನ ಮುಖವನ್ನೇ ನೋಡುತ್ತ ಅಡುಗೆಮನೆಯ ಬಾಗಿಲಲ್ಲಿ ನಿಂತರು. ಗುರುಬಸಪ್ಪನವರಿಗೂ ಮಗನ ಮೇಲೆ ಕಂಬಳಿ ಎಳೆದು ಮಲಗಿಸಬೇಕೆನ್ನಿಸಿತು. ಆದರೆ ಅವರ ಕಣ್ಣು ಮಗನ ಮುಖದ ಮೇಲೆ ನಿಲ್ಲದೆ ಬೀದಿಯಲ್ಲಿದ್ದ ಲಾರಿಯ ಕಡೆ ಹೋಯಿತು.

"ಲಾರಿ ನಿಂದು ಕಣಪ್ಪ" ಅಂದರು.

ಪಂಚಾಕ್ಷರಿ ಮಗುವಿನ ಕೈಯನ್ನು ಮೊಣಕಾಲಿನಿಂದ ಎತ್ತಿ ಮೆಲ್ಲಗೆ ಪಕ್ಕಕ್ಕಿಟ್ಟು, ಎದ್ದು, ಗೂಟದಿಂದ ಶರಟು ತೆಗೆದುಕೊಂಡ. ಬರುತ್ತಾ ಇದ್ದಾರೆ ಎಂದು ಹೇಳಪ್ಪ, ಹಾಗೇ ಮರಿಯಪ್ಪನ ಮನೆಗೂ ಒಂದು ಮಾತು ಮುಟ್ಟಿಸು ಎಂದು ನಾಗರಾಜುವಿಗೆ ಹೇಳಿದ. ಬಸವ್ವ ಕಷಾಯವನ್ನು ಸೀಸೆಗೆ ಬಗ್ಗಿಸಿ ಕೊಡಲು ಹೋದರು, ಅವಸರದಲ್ಲಿ ಅರ್ಧ ನೆಲಕ್ಕೆ ಚೆಲ್ಲಿತು. ಅವನು ಅಷ್ಟನ್ನೇ ತೆಗೆದುಕೊಂಡು ಹೊರಗೆ ಹೋದ.

ರಾಜೇಶ್ವರಿ ಮದುವೆಯಾಗಿ ಬಂದಾಗಿನಿಂದ ಮಾವನ ಮುಂದೆ ತಲೆ ಎತ್ತಿ ಮಾತಾಡಿದವಳಲ್ಲ. ಈಗ ನೇರ ಬಂದು ಅವರ ಎದುರಿಗೆ ನಿಂತಳು.

"ಒಂದು ಸಲ ಬೇಡ ಅನ್ನಬಾರದಾಗಿತ್ತಾ ಮಾವ? ಅದನ್ನೇ ಕೇಳಿದ್ದು ಅವರು. ನಿಮಗೆ ತಿಳೀಲಿಲ್ವಾ?"

"ತಿಳೀತು ತಾಯಿ" ಎಂದರು ಗುರುಬಸಪ್ಪನವರು. "ಬೇಡ ಅನ್ನೋನು ನಾಳೆ ಕಂತು ಕಟ್ಟೋನಾಗಿರಬೇಕು. ನನ್ನ ಹತ್ರ ಮಾರೋಕೆ ಇನ್ನೇನಿದೆ?"

ಬೀದಿಯಲ್ಲಿ ಲಾರಿಯ ಬಾಗಿಲು ಹಾಕಿದ ಸದ್ದಾಯಿತು. ಎಂಜಿನ್ನು ಒಂದು ಸಲ ಕೆಮ್ಮಿ, ಎಳೆದು, ನಿಂತುಹೋಯಿತು. ಜಗಲಿಯಲ್ಲಿ ಮಾವ, ಅವರೆದುರು ಸೊಸೆ, ಸೀಸೆಯ ಬಿರಡೆ ಕೈಯಲ್ಲಿ ಹಿಡಿದ ಬಸವ್ವ, ಮೂವರೂ ಕಿವಿಗೊಟ್ಟರು. ಎರಡನೆಯ ಸಲಕ್ಕೆ ಅದು ಸ್ಟಾರ್ಟ್ ಆಯಿತು.